ಕೈತೋಟಕ್ಕೆ ಹಕ್ಕಿಗಳು ಬಂದು ನೆಲೆಸಬೇಕು: ಮೊದಲು ಏನು ಮಾಡಲಿ?

ಹೊಸಚಿಗುರು (ಪ್ರಶ್ನೆ)
ಮನೆ ಹಿಂದೆ ಸಣ್ಣ ಕೈತೋಟ ಇದೆ. ಅದರ ಎದುರಿಗೇ ದೊಡ್ಡ ಗಾಜಿನ ಬಾಗಿಲು. ಪಕ್ಕದ ಮನೆ ಬೆಕ್ಕು ಆಗಾಗ ಸುತ್ತುತ್ತದೆ. ಗುಬ್ಬಿ, ಪಿಕಳಾರ ಬರುತ್ತವೆ, ಆದರೆ ನಿಲ್ಲುವುದಿಲ್ಲ. ಕಾಳು ಇಡಲಾ, ಗೂಡುಪೆಟ್ಟಿಗೆ ಕಟ್ಟಲಾ, ಗಿಡ ನೆಡಲಾ? ಎಲ್ಲ ಒಟ್ಟಿಗೆ ಮಾಡುವಷ್ಟು ದುಡ್ಡೂ ಇಲ್ಲ, ಸಮಯವೂ ಇಲ್ಲ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮರದಪೆಟ್ಟಿಗೆ
ಗೂಡುಪೆಟ್ಟಿಗೆ ಕಟ್ಟಿ. ಆದರೆ ರೆಡಿಮೇಡ್ ಬೇಡ. ನಾನು ಮೊದಲು ತರಿಸಿದ್ದು ನೋಡಲು ಚೆಂದ ಇತ್ತು. ಒಳಗೂ ವಾರ್ನಿಷ್ ಬಳಿದಿದ್ದರು, ವಾಸನೆ ಹೋಗಲೇ ಇಲ್ಲ. ತೂತಿನ ಕೆಳಗೆ ಕೂರಲು ಒಂದು ಕಡ್ಡಿ. ಗುಬ್ಬಿಗೆ ಆ ಕಡ್ಡಿ ಬೇಕಾಗಿಯೇ ಇಲ್ಲ, ಅದರ ಮೇಲೆ ನಿಂತು ಮರಿ ಕದಿಯುವವರಿಗೆ ಮಾತ್ರ ಅನುಕೂಲ. ತೂತು ಎಷ್ಟು ದೊಡ್ಡದಿತ್ತು ಅಂದರೆ ಮೈನಾ ನುಗ್ಗಿ ಗುಬ್ಬಿ ತಂದಿಟ್ಟ ಹುಲ್ಲನ್ನೆಲ್ಲ ಎಳೆದು ಹಾಕಿತು. ಮಾರಿದವರಿಗೆ ಹೇಳಿದರೆ "ಹಕ್ಕಿ ಬಂತಲ್ಲ" ಅಂದರು. ದುಡ್ಡು ವಾಪಸ್ ಬರಲಿಲ್ಲ. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಆಮೇಲೆ ಬಡಗಿಯಿಂದ ಮಾಡಿಸಿದೆ. ತೂತು 32 ಮಿಲಿಮೀಟರ್. ಅವರ ಹತ್ತಿರ ಆ ಅಳತೆಯ ಬಿಟ್ ಇರಲಿಲ್ಲ, ನಾನೇ ಕೊಂಡು ಕೊಟ್ಟೆ. ಹಲಗೆಯ ಒಳಮೈ ಒರಟಾಗಿಯೇ ಇರಲಿ ಅಂತ ಜಗಳವಾಡಿ ಉಳಿಸಿಕೊಂಡೆ. ಮರಿಗೆ ಹತ್ತಿ ಬರಲು ಹಿಡಿತ ಸಿಗಬೇಕಲ್ಲ. ತಳದಲ್ಲಿ ನೀರು ಬಸಿಯಲು ಸಣ್ಣ ತೂತುಗಳು. ಮಧ್ಯಾಹ್ನದ ಬಿಸಿಲು, ಮಳೆಯ ಇರಚಲು ಎರಡೂ ತಾಗದ ಗೋಡೆ ಹುಡುಕಿ 3 ಮೀಟರ್ ಎತ್ತರದಲ್ಲಿ ಹೊಡೆಸಿದೆ. ಗುಬ್ಬಿಗಳು ಗುಂಪಾಗಿ ಬಾಳುವಂಥವು, ಹಾಗಾಗಿ ಸಾಲಾಗಿ ಕಟ್ಟಿಸಿದೆ. ಮೊದಲ ವರ್ಷ ಒಂದೂ ಬರಲಿಲ್ಲ. ಮನೆಯವರು ತೆಗೆಸಿ ಅಂದರು. ನಾನು ತೆಗೆಸಲಿಲ್ಲ. ಈಗ ಎಲ್ಲವೂ ತುಂಬಿವೆ.

ಬೇಲಿಸಾಲು
ಪೆಟ್ಟಿಗೆ ಇದ್ದರೆ ಸಾಕಾ? ಮರಿಗೆ ಊಟ ಎಲ್ಲಿಂದ ಬರುತ್ತದೆ? ಕಾಳು ತಿನ್ನುವ ಗುಬ್ಬಿ ಕೂಡ ಮರಿಗೆ ಹುಳುವನ್ನೇ ತಂದು ಕೊಡುತ್ತದೆ. ಹುಳು ಇರಬೇಕು ಅಂದರೆ ಔಷಧಿ ಹೊಡೆಯಬಾರದು. ಹೇಳುವುದು ಸುಲಭ, ನನಗೆ ಆದದ್ದು ಕೇಳಿ. ಔಷಧಿ ನಿಲ್ಲಿಸಿದ ವರ್ಷ ನಿಂಬೆ ಗಿಡವನ್ನು ಹುಳು ಬೋಳು ಮಾಡಿತು. ದಾಸವಾಳದ ಮೊಗ್ಗಿಗೆಲ್ಲ ಹಿಟ್ಟು ತಿಗಣೆ. ಜಾಸ್ತಿ ದುಡ್ಡು ಕೊಟ್ಟು ತಂದಿದ್ದ ಗುಲಾಬಿ ಸತ್ತೇ ಹೋಯಿತು. ನಾನು ಮನೆಯಲ್ಲಿ ಇಲ್ಲದಾಗ ತೋಟ ನೋಡಿಕೊಳ್ಳುವವರು ಗಿಡ ಉಳಿಸುತ್ತೇನೆ ಅಂತ ಒಂದು ಬಾಟಲಿ ಔಷಧಿ ಪೂರ್ತಿ ಹೊಡೆದುಬಿಟ್ಟರು. ಮತ್ತೆ ಮೊದಲಿಂದ ಶುರು. ಬಿದ್ದ ಎಲೆ ಗುಡಿಸುವುದಿಲ್ಲ ಅಂತ ಪಕ್ಕದವರು ಮಾತು ಬಿಟ್ಟರು.

ಕೊನೆಗೆ ಜೇಡ ಬಂತು, ಗುಲಗಂಜಿ ಹುಳು ಬಂತು, ಅವುಗಳ ಹಿಂದೆಯೇ ಹಕ್ಕಿ ಬಂತು. ಈಗ ಟುವ್ವಿ ಹಕ್ಕಿ ಎಲೆ ಹೊಲಿದು ಗೂಡು ಕಟ್ಟಿದೆ. ಒತ್ತಾಗಿ ಬೆಳೆಯುವ, ಆ ಮಣ್ಣಿನದೇ ಗಿಡ ನೆಡಿ. ಕಾಳಿನ ಡಬ್ಬಿಗೆ ದುಡ್ಡು ಸುರಿಯುವುದು ದಂಡ.

ಕಾಳುಡಬ್ಬಿ
ದಂಡ ಅನ್ನಬೇಡಿ ಸರ್. ಎಲ್ಲರಿಗೂ ನಿಮ್ಮಷ್ಟು ಜಾಗ ಇರುವುದಿಲ್ಲ. ನಾನು ಮೊದಲು ತಟ್ಟೆಯಲ್ಲಿ ಕಾಳು ಇಟ್ಟೆ. ಪಾರಿವಾಳದ ಹಿಂಡು ಬಂದು ಗುಬ್ಬಿಗೆ ಒಂದು ಕಾಳೂ ಬಿಡಲಿಲ್ಲ. ಸುತ್ತ ಸರಳು ಇರುವ ಡಬ್ಬಿ ತಂದೆ. ಗುಬ್ಬಿ ನುಸುಳುತ್ತದೆ, ಪಾರಿವಾಳಕ್ಕೆ ಆಗುವುದಿಲ್ಲ. ಆಮೇಲೆ ಕೆಳಗೆ ಉದುರಿದ ಕಾಳಿಗೆ ಇಲಿ. ಡಬ್ಬಿಯ ಕೆಳಗೆ ಒಂದು ತಟ್ಟೆ ಸಿಕ್ಕಿಸಿದೆ. ಮಳೆಗಾಲದಲ್ಲಿ ಕಾಳಿಗೆ ಬೂಸ್ಟು ಹಿಡಿದು ಚೀಲವನ್ನೇ ಎಸೆಯಬೇಕಾಯಿತು, ಆ ನಷ್ಟ ಇನ್ನೂ ಚುಚ್ಚುತ್ತದೆ. ಈಗ ಸಂಜೆಯೊಳಗೆ ಖಾಲಿಯಾಗುವಷ್ಟೇ ಹಾಕುತ್ತೇನೆ. ನನ್ನ ಹಕ್ಕಿಗಳು ಬೆಳಿಗ್ಗೆ ಬಾಗಿಲು ತೆಗೆಯುವುದನ್ನೇ ಕಾಯುತ್ತಿರುತ್ತವೆ.

ಬೇಲಿಸಾಲು
ಮೇಡಂ, ಒಂದೇ ಡಬ್ಬಿಗೆ ಅಷ್ಟು ಹಕ್ಕಿ ಸೇರಿದರೆ ರೋಗ ಹಬ್ಬುತ್ತದೆ. ಬ್ರಿಟನ್‌ನಲ್ಲಿ 2005ರಿಂದ ಈಚೆಗೆ ಗ್ರೀನ್‌ಫಿಂಚ್ ಹಕ್ಕಿಗಳು ಟ್ರೈಕೊಮೊನೋಸಿಸ್ ಬಂದು ತೀರಾ ಕಡಿಮೆಯಾದವು. ಅದು ಗಂಟಲಿಗೆ ಬರುವ ರೋಗ. ಹಕ್ಕಿಗೆ ನುಂಗಲು ಆಗುವುದಿಲ್ಲ. ಎಂಜಲು ತಾಗಿದ ಕಾಳು, ನೀರಿನಿಂದ ಹರಡುತ್ತದೆ.

ಕಾಳುಡಬ್ಬಿ
ಗೊತ್ತು ಸರ್. ಅದಕ್ಕೇ ವಾರ ವಾರ ಬಿಚ್ಚಿ, ಬಿಸಿನೀರಲ್ಲಿ ಉಜ್ಜಿ, ಪೂರ್ತಿ ಒಣಗಿಸಿಯೇ ಮತ್ತೆ ತುಂಬುವುದು. ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತ ಹಕ್ಕಿ ಕಂಡರೆ ಕಾಳನ್ನೂ ನೀರನ್ನೂ ಕೆಲವು ವಾರ ನಿಲ್ಲಿಸುತ್ತೇನೆ. ತೊಳೆಯದವರನ್ನು ಬೈಯಿರಿ, ನನ್ನನ್ನಲ್ಲ.

ಗಾಜಿನಬಾಗಿಲು
ನೀವಿಬ್ಬರೂ ಜಗಳ ಆಡುತ್ತಿದ್ದೀರಿ, ಅವರ ಮನೆಯ ಗಾಜನ್ನು ಯಾರೂ ಓದಲೇ ಇಲ್ಲ. ಅಮೆರಿಕದಲ್ಲಿ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ ಅಂತ 2014ರ ಒಂದು ಅಧ್ಯಯನ ಅಂದಾಜು ಮಾಡಿತ್ತು. ನಮ್ಮ ಮನೆ ಗಾಜಿಗೂ ಬಡಿದವು. ಬಡಿದ ಹಕ್ಕಿ ಹಾರಿಹೋಯಿತು ಅಂದರೆ ಬದುಕಿತು ಅಂತಲ್ಲ, ಒಳಗೆ ಪೆಟ್ಟಾಗಿ ಆಮೇಲೆ ಸಾಯಬಹುದು. ಗಿಡುಗದ ಚಿತ್ರ ಅಂಟಿಸಿ ಅಂತ ಎಲ್ಲರೂ ಹೇಳಿದರು. ಅಂಟಿಸಿದ ಮೇಲೂ ಅದರ ಪಕ್ಕದಲ್ಲೇ ಬಡಿದವು. ಕೊನೆಗೆ ಗಾಜಿನ ಹೊರಮೈಗೆ 5 ಸೆಂಟಿಮೀಟರ್ ಅಂತರದಲ್ಲಿ ಚುಕ್ಕಿಗಳನ್ನು ಅಂಟಿಸಿದೆ, ಪೂರ್ತಿ ಗಾಜಿಗೆ. ಕುತ್ತಿಗೆ ಹಿಡಿದುಕೊಂಡಿತು. ಮೊದಲ ಸಲದ ಚುಕ್ಕಿಗಳು ಮಳೆಗೆ ಕಿತ್ತು ಬಂದವು, ಮತ್ತೆ ತಂದು ಅಂಟಿಸಿದೆ. ಒಳಗಿನಿಂದ ಅಂಟಿಸಬೇಡಿ, ಹೊರಗಿನ ಪ್ರತಿಬಿಂಬ ಅದರಿಂದ ಹೋಗುವುದಿಲ್ಲ.

ಮತ್ತೆ ಆ ಬೆಕ್ಕು. 2013ರ ಇನ್ನೊಂದು ಅಧ್ಯಯನದ ಅಂದಾಜಿನ ಪ್ರಕಾರ ಅಮೆರಿಕದಲ್ಲಿ ಹೊರಗೆ ಓಡಾಡುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿ ಕೊಲ್ಲುತ್ತವೆ. ಸಾಕಿದವರಿಗೆ ನಾಚಿಕೆ ಆಗಬೇಕು.

ಬೆಕ್ಕಿನಮನೆ
ಪೂರ್ತಿ ಓದಿ ಹೇಳಿ ಸರ್. ಅದೇ ಅಧ್ಯಯನದಲ್ಲಿ ಹೆಚ್ಚಿನ ಪಾಲು ಸಾಕುವವರಿಲ್ಲದ ಬೆಕ್ಕುಗಳದ್ದು ಅಂತ ಇದೆ. ನನ್ನ ಬೆಕ್ಕು ಮನೆಯೊಳಗೇ ಇರುತ್ತದೆ. ಅದು ಆಚೆ ನೋಡಿಕೊಂಡು ಕೂರಲಿ ಅಂತ ಬಾಲ್ಕನಿಗೆ ಜಾಲರಿ ಹಾಕಿಸಿದೆ. ಹಾಕಿದವರು ಮೂಲೆ ಬಿಟ್ಟು ಹೋದರು, ಕರೆದರೆ ಬರಲಿಲ್ಲ, ಬೇರೆಯವರಿಗೆ ಮತ್ತೆ ದುಡ್ಡು ಕೊಟ್ಟೆ. ಎಲ್ಲರಿಗೂ ಒಂದೇ ಮಾತು ಅಂಟಿಸಬೇಡಿ. ನೆಲಕ್ಕೆ ಬಿದ್ದ ಪಿಕಳಾರದ ಮರಿಯನ್ನು ಒಳಗೆ ತಂದು ನೋಡಿಕೊಂಡವಳು ನಾನು.

ಹೊಸಚಿಗುರು
ಬೆಕ್ಕು ನನ್ನದಲ್ಲ, ಅವರ ಜೊತೆ ಮಾತಾಡುತ್ತೇನೆ. ಚುಕ್ಕಿ ಅಂಟಿಸುತ್ತೇನೆ. ನೀರು ಇಡುವ ಬಗ್ಗೆ ಯಾರೂ ಹೇಳಲಿಲ್ಲ?

ಮರದಪೆಟ್ಟಿಗೆ
ಅಗಲವಾದ ಒರಟು ಪಾತ್ರೆ, ನೀರು 5 ಸೆಂಟಿಮೀಟರಿಗಿಂತ ಆಳ ಬೇಡ. ದಿನಾ ಚೆಲ್ಲಿ ತುಂಬಿಸಿ, ಸೊಳ್ಳೆಯೂ ಆಗುವುದಿಲ್ಲ. ಬೆಕ್ಕು ಹೊಂಚುವ ಪೊದೆಯ ಬುಡದಲ್ಲಿ ಇಡಬೇಡಿ. ಪೆಟ್ಟಿಗೆಯ ವಿಷಯ ಮರೆಯಬೇಡಿ.

ಬೇಲಿಸಾಲು
@ಬೆಕ್ಕಿನಮನೆ, ಆ ಮರಿಗೆ ಗರಿ ಬಂದಿತ್ತಾ? ಬಂದಿದ್ದರೆ ಒಳಗೆ ತಂದದ್ದೇ ತಪ್ಪು. ಹಾರಲು ಕಲಿಯುವ ಮರಿ ನೆಲದ ಮೇಲೇ ಇರುತ್ತದೆ, ತಾಯಿ ಪಕ್ಕದಲ್ಲೇ ಇದ್ದು ಗುಟುಕು ಕೊಡುತ್ತದೆ.

ಬೆಕ್ಕಿನಮನೆ
ಬೀದಿ ಬೆಕ್ಕು ಎರಡಡಿ ದೂರದಲ್ಲಿತ್ತು ಸರ್. ಸುಮ್ನೆ ನೋಡುತ್ತಾ ನಿಲ್ಲಬೇಕಿತ್ತಾ?

ಬೇಲಿಸಾಲು
ಎತ್ತಿ ಹತ್ತಿರದ ಪೊದೆಯೊಳಗೆ ಇಡಬೇಕಿತ್ತು. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಅನ್ನುವುದು ಸುಳ್ಳು. ಬೆಕ್ಕಿನ ಹಲ್ಲು ತಾಗಿದ್ದರೆ ಮಾತ್ರ ಬೇರೆ, ಗಾಯ ಕಾಣದಿದ್ದರೂ ಸೋಂಕು ಬೇಗ ಏರುತ್ತದೆ, ಆಗ ಸೀದಾ ಪಶುವೈದ್ಯರ ಹತ್ತಿರ ಒಯ್ಯಬೇಕು.