ಹಿಮ ಕರಗಿತು, ಲಾನ್ ತುಂಬ ಬೂದು ವೃತ್ತಗಳು: ಹುಲ್ಲು ಸತ್ತೇ ಹೋಯ್ತಾ?

ಹೊಸಮನೆ_ಮಿನಿಯಾಪೊಲಿಸ್ · ಏಪ್ರಿಲ್ 4
ಎಲ್ಲರಿಗೂ ನಮಸ್ಕಾರ. ಹೋದ ಆಗಸ್ಟ್‌ನಲ್ಲಿ ಮನೆ ತಗೊಂಡೆವು, ಇಲ್ಲಿ ಇದು ನಮ್ಮ ಮೊದಲ ವಸಂತ. ಹಿಮ ಕರಗಿದ ಮೇಲೆ ನೋಡಿದರೆ ಹುಲ್ಲು ಊಟದ ತಟ್ಟೆಯಗಲ ವೃತ್ತಗಳಾಗಿ ನೆಲಕ್ಕೆ ಅಂಟಿಕೊಂಡಿದೆ. ಮೇಲೆ ಜೇಡರ ಬಲೆ ಹೊದಿಸಿದ ಹಾಗಿದೆ. ಡ್ರೈವ್‌ವೇ ಪಕ್ಕ ಜಾಸ್ತಿ. ಬೇಲಿ ಹತ್ತಿರ ಹಾವು ಹರಿದಂಥ ಸೊಟ್ಟ ದಾರಿಗಳು ಬೇರೆ. ಹುಲ್ಲಿನ ಬೀಜ ಒಂದು ಚೀಲ, ಕ್ರ್ಯಾಬ್‌ಗ್ರಾಸ್ ಅನ್ನುವ ಕಳೆ ತಡೆಯುವ ಗೊಬ್ಬರ ಒಂದು ಚೀಲ ತಂದಿದ್ದೇನೆ. ಶನಿವಾರ ಎರಡನ್ನೂ ಹಾಕಿಬಿಡಲಾ? ಶಿಲೀಂಧ್ರಕ್ಕೂ ಔಷಧಿ ಬೇಕಾ?

ಕರಿಬೇವಿನಕ್ಕ
ತಡೀರಿ, ಚೀಲ ಬಿಚ್ಚಬೇಡಿ! ವೃತ್ತದ ಅಂಚಿನಲ್ಲಿ ಗುಲಾಬಿ ಬಣ್ಣ ಇದೆಯಾ? ಸತ್ತ ಎಲೆಗಳ ಮೇಲೆ ರಾಗಿ ಕಾಳಿನಂಥದ್ದು ಅಂಟಿದೆಯಾ? ಡ್ರೈವ್‌ವೇ ಹಿಮ ಎಲ್ಲಿ ಗುಡ್ಡೆ ಹಾಕುತ್ತಿದ್ದಿರಿ?

ಹೊಸಮನೆ_ಮಿನಿಯಾಪೊಲಿಸ್
ಮಂಡಿಯೂರಿ ನೋಡಿ ಬಂದೆ, ಪ್ಯಾಂಟೆಲ್ಲ ಕೆಸರು. ಗುಲಾಬಿ ಇಲ್ಲ. ಕಂದು ಕಾಳು ಇವೆ ಅಕ್ಕ, ಥೇಟ್ ರಾಗಿ! ಹಿಮ ಅಲ್ಲೇ ಪಕ್ಕದಲ್ಲಿ ಹಾಕುತ್ತಿದ್ದೆ, ಸೊಂಟದೆತ್ತರ ಇತ್ತು.

ಕರಿಬೇವಿನಕ್ಕ
ಹಾಗಾದರೆ ಅದು ಬೂದು ಸ್ನೋ ಮೋಲ್ಡ್, ಹಿಮದ ಕೆಳಗೆ ಬೆಳೆಯುವ ಬೂಷ್ಟು. ಟೈಫ್ಯುಲಾ ಅನ್ನುವ ಶಿಲೀಂಧ್ರ, ಬೇಸಿಗೆ ಕಳೆಯೋಕೆ ಆ ಕಾಳಿನಂಥ ಗಂಟುಗಳನ್ನು ಕಟ್ಟಿಕೊಳ್ಳುತ್ತದೆ. ಸಾಮಾನ್ಯವಾಗಿ ಎಲೆ ಮಾತ್ರ ಹೋಗುತ್ತದೆ, ಬುಡ ಉಳಿಯುತ್ತದೆ. ಗುಲಾಬಿ ಬಣ್ಣದ ಸ್ನೋ ಮೋಲ್ಡ್ ಬುಡವನ್ನೂ ಕೊಲ್ಲಬಹುದು, ಅದಕ್ಕೇ ಕೇಳಿದೆ. ಈಗ ಔಷಧಿ ಹೊಡೆದರೆ ದುಡ್ಡು ದಂಡ. ಅದನ್ನು ಹಿಮ ಬೀಳುವ ಮುಂಚೆ ಹೊಡೆಯಬೇಕು.

ಒಂದು ಹಿಡಿ ಮಣ್ಣು ಹಿಸುಕಿ ನೋಡಿ. ಮುದ್ದೆ ಕಟ್ಟಿ ಹಾಗೇ ನಿಂತರೆ ಲಾನ್ ಮೇಲೆ ಕಾಲಿಡಬೇಡಿ, ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗುವುದಿಲ್ಲ. ಉದುರಿದರೆ ಎಲೆ ಗುಡಿಸುವ ರೇಕ್ ತಗೊಂಡು, ಮಗುವಿನ ತಲೆ ಬಾಚಿದ ಹಾಗೆ ಹಗುರವಾಗಿ ಎಬ್ಬಿಸಿ. ಗಾಳಿ ಬಿಸಿಲು ಆಡಿದರೆ ಸಾಕು.

ಇನ್ನು ಚೀಲಗಳ ವಿಷಯ. ಆ ಗೊಬ್ಬರ ಬೀಜ ಮೊಳೆಯದ ಹಾಗೆ ತಡೆಯುತ್ತದೆ. ಕಳೆ ಯಾವುದು, ನೀವು ಬಿತ್ತಿದ್ದು ಯಾವುದು ಅಂತ ಅದಕ್ಕೇನು ಗೊತ್ತು? ನಾನೂ ಮೊದಲ ವರ್ಷ ಎರಡನ್ನೂ ಒಂದೇ ದಿನ ಹಾಕಿ, ಒಂದು ತಿಂಗಳು ನೀರು ಹಾಯಿಸಿದ್ದೆ. ಒಂದು ಮೊಳಕೆ ಬರಲಿಲ್ಲ. ಯಜಮಾನರು ಇವತ್ತಿಗೂ ಆಡಿಕೊಳ್ಳುತ್ತಾರೆ. ಒಂದು ಜಾಗಕ್ಕೆ ಒಂದೇ ಹಾಕಿ. ತಡೆಗೊಬ್ಬರಕ್ಕೂ ಅವಸರವಿಲ್ಲ. ಮಣ್ಣಿನ ಬಿಸಿ ಕೆಲವು ದಿನ ಸತತವಾಗಿ 50–55 ಫ್ಯಾರನ್‌ಹೀಟ್ ಮುಟ್ಟಬೇಕು. ನಮ್ಮ ಕಡೆ ಅಂದರೆ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ. ದೊಡ್ಡದಾಗಿ ಬಿತ್ತುವುದಿದ್ದರೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಒಳ್ಳೆಯ ಕಾಲ.

ಕ್ಯಾಲ್ಗರಿ_ಮಾಲಿ
ಬೇಲಿ ಹತ್ತಿರದ್ದು ಹಾವಲ್ಲ, ವೋಲ್. ಗಿಡ್ಡ ಬಾಲದ ಇಲಿ ಥರದ ಪ್ರಾಣಿ. ಚಳಿಗಾಲವೆಲ್ಲ ಹಿಮದ ಕೆಳಗೆ ಹುಲ್ಲು ಮೇಯುತ್ತಾ ಓಡಾಡಿದ ದಾರಿ ಅದು. ಕೆರೆದು ಬಿಡಿ, ಪಕ್ಕದ ಹುಲ್ಲು ಹಬ್ಬಿ ಮುಚ್ಚಿಕೊಳ್ಳುತ್ತದೆ. ಎಳೆಯ ಸೇಬಿನ ಗಿಡ ಇದ್ದರೆ ಬುಡದ ತೊಗಟೆ ಸುತ್ತ ಕಡಿದಿದೆಯಾ ನೋಡಿ, ಹಾಗಾಗಿದ್ದರೆ ಗಿಡ ಉಳಿಯುವುದು ಕಷ್ಟ. ಅಂದ ಹಾಗೆ, ಡ್ರೈವ್‌ವೇ ಪಕ್ಕ ಗುಡ್ಡೆ ಹಾಕಿದ ಹಿಮದಲ್ಲಿ ಉಪ್ಪು ಇತ್ತಾ?

ಹೊಸಮನೆ_ಮಿನಿಯಾಪೊಲಿಸ್
ಧಾರಾಳವಾಗಿ ಎರಚಿದ್ದೆ ಸರ್. ಅಮ್ಮ ಜಾರಿ ಬೀಳಬಾರದು ಅಂತ.

ಕ್ಯಾಲ್ಗರಿ_ಮಾಲಿ
ಹಾಗಾದರೆ ನೆಲ ಕರಗಿದ ಮೇಲೆ ಆ ಅಂಚಿಗೆ ಎರಡು ಮೂರು ಸಲ ಚೆನ್ನಾಗಿ ನೀರು ಬಿಡಿ. ಉಪ್ಪು ಕೆಳಗಿಳಿಯಬೇಕು.

ಹೊಸಮನೆ_ಮಿನಿಯಾಪೊಲಿಸ್ · ಮೇ 12
ವೃತ್ತಗಳೆಲ್ಲ ಹಸಿರಾದವು! ಡ್ರೈವ್‌ವೇ ಅಂಚಿನಲ್ಲಿ ಒಂದು ಗೇಣು ಮಾತ್ರ ಬೋಳು. ಅಲ್ಲಿಗೆ ಬೀಜ, ಉಳಿದ ಕಡೆ ತಡೆಗೊಬ್ಬರ ಹಾಕಿದ್ದೇನೆ. ಅಕ್ಕ, ಕರಿಬೇವಿನ ಕುಂಡ ಹೊರಗಿಡಬಹುದಾ?

ಕರಿಬೇವಿನಕ್ಕ
ರಾತ್ರಿ 50 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯುವುದು ನಿಲ್ಲಲಿ. ಆಮೇಲೂ ಮೊದಲ ವಾರ ನೆರಳಲ್ಲೇ ಇಡಿ, ನೇರ ಬಿಸಿಲಿಗೆ ಎಲೆ ಸುಟ್ಟುಹೋಗುತ್ತದೆ.