ಹುಲ್ಲುಹಾಸಿನಲ್ಲಿ ದುಂಡನೆಯ ಕಂದು ಮಚ್ಚೆಗಳು: ಯಾವ ಔಷಧಿ ಸಿಂಪಡಿಸಬೇಕು?

ಪ್ರಶ್ನೆ:
ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ದುಂಡನೆಯ ಕಂದು ಮಚ್ಚೆಗಳು ಎದ್ದಿವೆ. ಮೊದಲು ಅಂಗೈಯಷ್ಟಿದ್ದವು, ಈಗ ಕೆಲವು ಎರಡು ಅಡಿ ಅಗಲಕ್ಕೆ ಹರಡಿವೆ. ಒಣಗುತ್ತಿರಬೇಕೆಂದು ದಿನವೂ ಸಂಜೆ ನೀರು ಬಿಡುತ್ತಿದ್ದೇನೆ, ಯೂರಿಯಾ ಕೂಡ ಹಾಕಿದ್ದೇನೆ. ಆದರೂ ಹೆಚ್ಚುತ್ತಲೇ ಇದೆ. ರಾತ್ರಿಯೂ ಸೆಕೆ ಇಳಿಯುತ್ತಿಲ್ಲ. ಯಾವ ಔಷಧಿ ತರಲಿ?

ಉತ್ತರ 1:
ಔಷಧಿಗೆ ಮೊದಲು ಮಚ್ಚೆಯಲ್ಲಿರುವ ಹುಲ್ಲನ್ನು ಹಿಡಿದು ಎಳೆದು ನೋಡಿ. ಚಾಪೆಯಂತೆ ಬುಡಸಮೇತ ಎದ್ದು ಬಂದರೆ ಅದು ಗೊಣ್ಣೆಹುಳುವಿನ ಕೆಲಸ, ಶಿಲೀಂಧ್ರದ್ದಲ್ಲ.

ಉತ್ತರ 2:
ಹೌದು, ಮೊದಲು ಅದನ್ನು ನೋಡಿ. ಬೇರು ಗಟ್ಟಿಯಾಗಿದ್ದರೆ ನಾಳೆ ಬಿಸಿಲೇರುವ ಮೊದಲು, ಇಬ್ಬನಿ ಇರುವಾಗಲೇ ಮಚ್ಚೆಯ ಪಕ್ಕ ಮೊಣಕಾಲೂರಿ ಕುಳಿತುಕೊಳ್ಳಿ. ನಡುಭಾಗವನ್ನು ಬಿಡಿ, ಸತ್ತ ಹುಲ್ಲಿನಿಂದ ಏನೂ ತಿಳಿಯುವುದಿಲ್ಲ. ರೋಗ ಮುಂದುವರಿಯುತ್ತಿರುವುದು ಅಂಚಿನಲ್ಲಿ. ಅಲ್ಲಿ ಹೊಗೆಬಣ್ಣದ ಉಂಗುರ ಕಂಡರೆ, ಗರಿಗಳ ಮೇಲೆ ಗಾಢ ಕಂದು ಅಂಚಿರುವ ಮಾಸಲು ಕಲೆಗಳಿದ್ದರೆ ಅದು ರೈಜೋಕ್ಟೋನಿಯಾ ಎಂಬ ಶಿಲೀಂಧ್ರದಿಂದ ಬರುವ ಬ್ರೌನ್ ಪ್ಯಾಚ್ ರೋಗ. ಮಚ್ಚೆಗಳು ನಾಣ್ಯದಷ್ಟೇ ಇದ್ದು, ಗರಿಯ ನಡುವೆ ಡಮರುಗದ ಆಕಾರದ ಬಿಳಿಚಿದ ಕಲೆ ಇದ್ದರೆ ಡಾಲರ್ ಸ್ಪಾಟ್. ಬೆರಳಿಗೆ ಕಿತ್ತಳೆ ಬಣ್ಣದ ಪುಡಿ ಅಂಟಿದರೆ ತುಕ್ಕು ರೋಗ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಯೂರಿಯಾ ಕೊಡುವ ಸಾರಜನಕ ಹೆಚ್ಚಾದರೆ ಬ್ರೌನ್ ಪ್ಯಾಚ್ ಕೆರಳುತ್ತದೆ; ಸಾರಜನಕ ಕಡಿಮೆಯಾಗಿ ಸೊರಗಿದ ಹುಲ್ಲಿಗೆ ಡಾಲರ್ ಸ್ಪಾಟ್ ಮತ್ತು ತುಕ್ಕು ಬರುತ್ತವೆ. ಒಂದಕ್ಕೆ ಮದ್ದಾಗುವ ಗೊಬ್ಬರವೇ ಇನ್ನೊಂದಕ್ಕೆ ಆಹಾರ. ರೋಗ ಯಾವುದೆಂದು ತಿಳಿಯದೆ ಚೀಲ ಬಿಚ್ಚಬೇಡಿ.

ಪ್ರಶ್ನೆ ಕೇಳಿದವರು:
ಬೆಳಿಗ್ಗೆ ನೋಡಿದೆ. ಬೇರು ಗಟ್ಟಿಯಾಗಿದೆ. ಅಂಚಿನಲ್ಲಿ ಬೂದುಬಣ್ಣದ ಉಂಗುರವಿತ್ತು, ಬಿಸಿಲು ಬಿದ್ದ ಮೇಲೆ ಕಾಣಲಿಲ್ಲ. ಗರಿಗಳ ಮೇಲೆ ನೀವು ಹೇಳಿದ ಕಲೆಗಳೇ ಇವೆ. ಹುಲ್ಲು ಸತ್ತೇ ಹೋಯಿತೇ?

ಉತ್ತರ 2:
ಹಾಗಾದರೆ ಬ್ರೌನ್ ಪ್ಯಾಚ್ ಎಂದೇ ಹಿಡಿಯಿರಿ. ಧೈರ್ಯಗೆಡಬೇಡಿ. ಈ ರೋಗ ಹೆಚ್ಚಾಗಿ ಗರಿಯನ್ನು ಸುಡುತ್ತದೆ. ಬುಡ ಇನ್ನೂ ಬಿಳಿಯಾಗಿ, ಗಟ್ಟಿಯಾಗಿದ್ದರೆ ಅದೇ ಚಿಗುರುತ್ತದೆ.

ಸಂಜೆಯ ನೀರನ್ನು ಇಂದೇ ನಿಲ್ಲಿಸಿ. ರಾತ್ರಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿ, ಗರಿ 10 ಗಂಟೆಗೂ ಹೆಚ್ಚು ಹೊತ್ತು ಒದ್ದೆಯಾಗಿದ್ದರೆ ಈ ಶಿಲೀಂಧ್ರಕ್ಕೆ ಬೇರೇನೂ ಬೇಕಿಲ್ಲ. ನಸುಕಿನಲ್ಲಿ ನೀರು ಕೊಡಿ, ಬಿಸಿಲು ಬಂದೊಡನೆ ಗರಿ ಒಣಗುತ್ತದೆ. ದಿನಾ ಚಿಮುಕಿಸುವ ಬದಲು, ಮಳೆಯೂ ಸೇರಿ ವಾರಕ್ಕೆ ಸುಮಾರು 25 ಮಿಲಿಮೀಟರ್ ಆಗುವಂತೆ ಒಂದೆರಡು ಬಾರಿ ಆಳವಾಗಿ ಉಣಿಸಿ. ಸೆಕೆ ಇಳಿಯುವವರೆಗೆ ಯೂರಿಯಾ ಬೇಡ. ಒದ್ದೆ ಹುಲ್ಲನ್ನು ಕತ್ತರಿಸಬೇಡಿ, ರೋಗವಿರುವ ಕಡೆ ಕೊನೆಗೆ ಕತ್ತರಿಸಿ ಯಂತ್ರವನ್ನು ತೊಳೆದಿಡಿ.

ಇಷ್ಟಾದರೂ ಹರಡಿದರೆ ಅಜಾಕ್ಸಿಸ್ಟ್ರೋಬಿನ್ ಅಥವಾ ಪ್ರೊಪಿಕೊನಜೋಲ್ ಇರುವ, ಹುಲ್ಲುಹಾಸಿಗೆಂದು ಅನುಮತಿಯಿರುವ ಶಿಲೀಂಧ್ರನಾಶಕವನ್ನು ಚೀಟಿಯಲ್ಲಿರುವ ಪ್ರಮಾಣದಲ್ಲೇ ಸಿಂಪಡಿಸಿ. ಅದು ಹಸಿರಾಗಿರುವ ಗರಿಯನ್ನು ಕಾಯುತ್ತದೆ, ಕಂದಾದದ್ದನ್ನು ಮತ್ತೆ ಹಸಿರು ಮಾಡುವುದಿಲ್ಲ. ಮತ್ತೆ ಬೇಕಾದರೆ ಬೇರೆ ಗುಂಪಿನ, ಅಂದರೆ ಬೇರೆ ರೀತಿಯಲ್ಲಿ ಕೆಲಸ ಮಾಡುವ ಔಷಧಿಯನ್ನು ಬಳಸಿ. ಒಂದನ್ನೇ ಪದೇ ಪದೇ ಹೊಡೆದರೆ ಶಿಲೀಂಧ್ರ ಅದಕ್ಕೆ ಬಗ್ಗದಂತಾಗುತ್ತದೆ.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಹುಲ್ಲು ಚೇತರಿಸಿಕೊಂಡು ಚುರುಕಾಗಿ ಬೆಳೆಯತೊಡಗಿದ ಮೇಲೆ ಬುಡದಲ್ಲಿ ಬೆರಳಿಟ್ಟು ನೋಡಿ. ಸತ್ತ ಕಾಂಡ, ಬೇರುಗಳ ಪದರ ಒಂದೂಕಾಲು ಸೆಂಟಿಮೀಟರಿಗಿಂತ ದಪ್ಪವಿದ್ದರೆ ಹಲ್ಲುಹಣಿಗೆಯಿಂದ ಎಳೆದು ತೆಗೆಯಿರಿ, ತುಳಿದು ಗಟ್ಟಿಯಾದ ನೆಲಕ್ಕೆ ರಂಧ್ರ ಹೊಡೆಯಿರಿ. ಕತ್ತರಿಸುವಾಗ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಅಲಗು ಹರಿತವಾಗಿರಲಿ, ಮೊಂಡಾದ ಅಲಗು ಗರಿಯ ತುದಿಯನ್ನು ಸಿಗಿಯುತ್ತದೆ, ಅಂತಹ ಗಾಯಗಳಿಂದ ಶಿಲೀಂಧ್ರ ಸುಲಭವಾಗಿ ಒಳಹೊಗುತ್ತದೆ.