ಪಂಪ್ ಶೆಡ್ಡಿನ ಕಬ್ಬಿಣದ ಡಬ್ಬ: ಆಂಟೆನಾ ಎಲ್ಲಿ ಕೂರಿಸಲಿ?

ಪ್ರಶ್ನೆ (ಬ್ರಹ್ಮಾವರ ಕಡೆಯ ತೋಟದಿಂದ):
ಅಣ್ಣ, ನಮಸ್ಕಾರ. ನಮ್ಮ ಪಂಪ್ ಶೆಡ್ ಹೊಳೆಬದಿಯಲ್ಲಿದೆ, ಮನೆಯಿಂದ ಸುಮಾರು 400 ಮೀಟರ್. ನಡುವೆ ಅಡಿಕೆ, ತೆಂಗು. ಪಂಪ್ ಓಡುತ್ತಿದೆಯೇ ಇಲ್ಲವೇ ಎಂದು ಮನೆಯಲ್ಲೇ ತಿಳಿಯಲು 866 ಮೆಗಾಹರ್ಟ್ಸ್‌ನ ಲೋರಾ ರೇಡಿಯೊ (ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಸಂದೇಶವನ್ನು ದೂರಕ್ಕೆ ಕಳಿಸುವಂಥದ್ದು) ತಂದೆ. ಸ್ಟಾರ್ಟರ್ ಇರುವ ಕಬ್ಬಿಣದ ಡಬ್ಬದೊಳಗೆ ಇಟ್ಟು ಬಾಗಿಲು ಹಾಕಿದ ಕೂಡಲೇ ಸಂಕೇತ ನಿಲ್ಲುತ್ತದೆ, ತೆರೆದರೆ ಬರುತ್ತದೆ. ಡಬ್ಬ ಹೊರಗೋಡೆಯಲ್ಲಿದೆ. ಅದರ ತಲೆಗೆ ತೂತು ಕೊರೆದು ಆಂಟೆನಾ ನಿಲ್ಲಿಸಲೇ, ಪಕ್ಕಕ್ಕೆ ಹಾಕಲೇ? ಮಳೆಗಾಲಕ್ಕೆ ಮೊದಲು ಮುಗಿಸಬೇಕು.

ಉತ್ತರ:
ನಿಮ್ಮ ರೇಡಿಯೊಗೆ ಏನೂ ಆಗಿಲ್ಲ. ಸುತ್ತಲೂ ಲೋಹವಿದ್ದರೆ ಅಲೆ ಹೊರಗೆ ಬರುವುದಿಲ್ಲ. ಆಂಟೆನಾ ಹೊರಗೆ ಬರಲೇಬೇಕು.

866 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 34.6 ಸೆಂಟಿಮೀಟರ್. ಅದರ ಕಾಲುಭಾಗ, ಅಂದರೆ 8.6 ಸೆಂಟಿಮೀಟರ್ ಉದ್ದದ ಕಡ್ಡಿ ನಿಮ್ಮ ಆಂಟೆನಾ ಆಗಿದ್ದರೆ, ಕಡ್ಡಿ ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಅದರ ಕೆಳಗಿನ ಲೋಹದ ತಗಡು. ಆದ್ದರಿಂದ ಅಲೆಯ ಲೆಕ್ಕದಲ್ಲಿ ಡಬ್ಬದ ತಲೆಯ ನಡುಮಧ್ಯವೇ ಒಳ್ಳೆಯ ಜಾಗ. ಅಂಚಿಗೆ ಸರಿಸಿದರೆ ಅಲೆ ಒಂದು ಕಡೆಗೆ ವಾಲುತ್ತದೆ. ಡಬ್ಬದ ಪಕ್ಕಕ್ಕೆ ಒತ್ತಿ ಮೇಲ್ಮುಖವಾಗಿ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು: ಬೆನ್ನಿಗಿರುವ ತಗಡು ಕಡ್ಡಿಯ ಶ್ರುತಿಯನ್ನೇ ಕೆಡಿಸುತ್ತದೆ.

ಆದರೂ ನಮ್ಮ ಕರಾವಳಿಯಲ್ಲಿ ಹೊರಗಿರುವ ಡಬ್ಬದ ತಲೆಗೆ ನಾನು ತೂತು ಹಾಕುವುದಿಲ್ಲ. ಹಿಂದೆ ಮಲ್ಪೆಯ ದಕ್ಕೆಯ ಹತ್ತಿರ ಒಂದಕ್ಕೆ ಹಾಗೆ ಹಾಕಿದ್ದೆ, ರಬ್ಬರ್ ಉಂಗುರವನ್ನೂ ಕೊಟ್ಟಿದ್ದೆ. ಜುಲೈಯಲ್ಲಿ ತೆರೆದರೆ ತಳದಲ್ಲಿ ಎರಡು ಬೆರಳು ನೀರು, ಕನೆಕ್ಟರಿನ ಹಿತ್ತಾಳೆಯ ಮೇಲೆ ಹಸಿರು ಹುಡಿ. ಬಿಸಿಲಿಗೆ ಡಬ್ಬ ಕಾದಿರುತ್ತದೆ, ಮಳೆ ಬಿದ್ದೊಡನೆ ತಣಿಯುತ್ತದೆ. ಒಳಗಿನ ಗಾಳಿ ಕುಗ್ಗಿದಾಗ ಸಣ್ಣ ಸಂದಿಯಿಂದಲೂ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆಗ ತಲೆಯ ತೂತಿನ ಸುತ್ತ ನಿಂತ ನೀರೇ ಮೊದಲು ಒಳಗೆ ಹೋಗುತ್ತದೆ.

ಹೀಗೆ ಮಾಡಿ. ಒಂದು ಗೇಣು ಉದ್ದ, ಒಂದು ಗೇಣು ಅಗಲದ ಅಲ್ಯೂಮಿನಿಯಂ ತಗಡಿನ ನಡುವೆ ಆಂಟೆನಾ ಕೂರಿಸಿ. ಅದನ್ನು ಕಬ್ಬಿಣದ ಪಟ್ಟಿಯ ಮೇಲೆ ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ, ಡಬ್ಬಕ್ಕಿಂತ ಎತ್ತರದಲ್ಲಿ ನಿಲ್ಲಿಸಿ. ಕೇಬಲ್ ಡಬ್ಬದ ತಳದ ಗ್ಲ್ಯಾಂಡಿನಿಂದಲೇ (ಕೇಬಲನ್ನು ಬಿಗಿಯಾಗಿ ಹಿಡಿದು ನೀರು ತಡೆಯುವ ಬಿರಡೆ) ಒಳಗೆ ಹೋಗಲಿ. ಅದಕ್ಕೆ ಮೊದಲು ಕೇಬಲ್ ಒಮ್ಮೆ ಗ್ಲ್ಯಾಂಡಿಗಿಂತ ಕೆಳಗೆ ಬಾಗಿ ಮೇಲೇರಬೇಕು. ಹರಿದು ಬಂದ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕೇಬಲ್ ಗಿಡ್ಡವಿದ್ದಷ್ಟೂ ಒಳ್ಳೆಯದು. ತೆಳುವಾದ ಆರ್‌ಜಿ 174 ಕೇಬಲ್ ಈ ಆವರ್ತನದಲ್ಲಿ ಮೀಟರಿಗೆ ಸುಮಾರು 1 ಡೆಸಿಬೆಲ್ ತಿನ್ನುತ್ತದೆ, 3 ಮೀಟರ್ ಎಳೆದರೆ ಅರ್ಧ ಶಕ್ತಿ ದಾರಿಯಲ್ಲೇ ಹೋಯಿತು. ಆರ್‌ಜಿ 58 ಎಂಬ ದಪ್ಪ ಕೇಬಲ್ ಆದರೆ ನಷ್ಟ ಸುಮಾರು ಅರ್ಧಕ್ಕಿಳಿಯುತ್ತದೆ.

ಕೊರೆಯುವ ಮೊದಲು ಮೇನ್ ಇಳಿಸಿ, ಫ್ಯೂಸನ್ನೂ ತೆಗೆದಿಡಿ. ಒಳಗೆ ಮೂರು ಫೇಸ್ ಇದೆ, ದಯವಿಟ್ಟು ಅವಸರ ಬೇಡ. ಕಾಂಟ್ಯಾಕ್ಟರಿನ (ಪಂಪನ್ನು ಹಾಕಿ ಆರಿಸುವ ಸ್ವಿಚ್ಚಿನ) ಮೇಲೆ ಬಟ್ಟೆ ಮುಚ್ಚಿ, ಕಬ್ಬಿಣದ ಹುಡಿ ಅದರೊಳಗೆ ಬೀಳಬಾರದು.

ಇನ್ನೊಬ್ಬರ ಪ್ರಶ್ನೆ (ಕಾಪುವಿನಿಂದ):
ರೇಡಿಯೊವನ್ನು ಬೇರೆ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟರೆ ಆಂಟೆನಾ ಒಳಗೇ ಇರಬಹುದಲ್ಲವೇ ಸರ್?

ಉತ್ತರ:
ಇರಬಹುದು. ಕಾಂಟ್ಯಾಕ್ಟರ್ ಬಡಿಯುವ ಡಬ್ಬದಲ್ಲಿ ರೇಡಿಯೊ ಇಡುವುದಕ್ಕಿಂತ ಅದೇ ನನಗೂ ಇಷ್ಟ. ಆದರೆ ಆಗ ಕೆಳಗೆ ತಗಡಿಲ್ಲ, ಆದ್ದರಿಂದ ತಗಡು ಬೇಡದ ಡೈಪೋಲ್ ಮಾದರಿಯನ್ನೇ ಕೇಳಿ ತನ್ನಿ. ಬ್ಯಾಟರಿಗೆ, ಒಳಗಿನ ಲೋಹದ ಪ್ಲೇಟಿಗೆ ತಾಗಿಸಬೇಡಿ. ಡಬ್ಬವನ್ನು ಕೆಂಪುಕಲ್ಲಿನ ಗೋಡೆಗೆ ಒತ್ತಿ ಹೊಡೆಯಬೇಡಿ, ಮಳೆನೀರು ಕುಡಿದ ಕಲ್ಲು ಅಲೆಯನ್ನೂ ಕುಡಿಯುತ್ತದೆ. ಇನ್ನೊಂದು ಮಾತು: 433 ಮತ್ತು 915 ಮೆಗಾಹರ್ಟ್ಸಿನ ಆಂಟೆನಾಗಳೂ ನೋಡಲು ಹೀಗೇ ಇರುತ್ತವೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಬಳಸುವ 865ರಿಂದ 868ರ ಪಟ್ಟಿಗೆ ಮಾಡಿದ್ದೇ ಎಂದು ನೋಡಿ ಕೊಳ್ಳಿ.

ಮೊದಲ ಪ್ರಶ್ನೆ ಕೇಳಿದವರು:
ಅಣ್ಣ, ಕೊರೆಯುವ ಮೊದಲು ಉದ್ದ ಕೇಬಲಿನಲ್ಲಿ ಹಿಡಿದು ನೋಡಿದೆ. ಮನೆಯಲ್ಲಿ ಮಗಳು ಸಂಕೇತದ ಬಲದ ಅಂಕಿ ಓದಿದಳು (ಡೆಸಿಬೆಲ್ ಲೆಕ್ಕ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು). ಡಬ್ಬದ ಪಕ್ಕಕ್ಕೆ ಒತ್ತಿ ಹಿಡಿದಾಗ ಮೈನಸ್ 113, ತಲೆಯ ಮೇಲೆ ಮೈನಸ್ 102, ತಗಡಿನೊಂದಿಗೆ ಮುಂದಕ್ಕೆ ಚಾಚಿದಾಗ ಮೈನಸ್ 99. ತಗಡಿನ ದಾರಿಯನ್ನೇ ಹಿಡಿಯುತ್ತೇನೆ. ಕನೆಕ್ಟರಿಗೆ ಸಿಲಿಕಾನ್ ಬಳಿಯಲೇ?

ಉತ್ತರ:
ಮಗಳಿಗೆ ಶಹಭಾಸ್ ಹೇಳಿ, ಅಳತೆ ಮಾಡಿಯೇ ಕೊರೆಯಬೇಕು. ಈಗ ಒಣ ಹವೆ. ಮಳೆಯಲ್ಲಿ ಮಡಲು, ಸೋಗೆ ಒದ್ದೆಯಾದಾಗ ಅಂಕಿ ಇನ್ನಷ್ಟು ಇಳಿಯುತ್ತದೆ. ಹಾಗಾಗಿ ತಲೆಗಿಂತ ತಗಡಿನಲ್ಲಿ ಹೆಚ್ಚು ಸಿಕ್ಕ ಆ ಮೂರು ಡೆಸಿಬೆಲ್ ಬಿಡಬೇಡಿ.

ಮೂಸಿದರೆ ವಿನೆಗರಿನ ಹುಳಿ ವಾಸನೆ ಬರುವ ಸಿಲಿಕಾನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಎಳೆದು ಸುತ್ತಿದರೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸಿಗುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂರಲಿ. ಅದರ ಮೇಲೊಂದು ಸುತ್ತು ಸಾಮಾನ್ಯ ಕಪ್ಪು ಟೇಪ್.